ಆಸ್ಪತ್ರಿ ಗಿಡ

ನನಗೆ ಗಿಡಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಯಲಬುರ್ಗಾದಲ್ಲಿ ಇವತ್ತಿಗೂ ಒಂದಿಬ್ಬರು ಮುದುಕಿಯರು ನನ್ನನ್ನು ಕಂಡರೆ, "ಪಂಪಮ್ಮ ಆ ಗಿಡಾನ ಕೂಸಿನಂಗ ಜ್ವಾಪಾನ ಮಾಡಿದ್ಲು ನೋಡ್ರಿ" ಎಂದು ಕೊಂಡಾಡುತ್ತಾರೆ. ಕೂಸಿನ ಹಾಗೆ ಯಾರು ನೋಡಿಕೊಂಡರು? ತಲೆಗೆ ಬಿದ್ದ ಕೆಲಸ, ಮಾಡಿದೆ. ಏಳು ತಿಂಗಳು ಅದಕ್ಕೆ ನೀರು ಹಾಕಿದೆ, ಅದರ ಧೂಳು ಒರೆಸಿದೆ, ಅದನ್ನು ಬೈದೆ. ಬೈದದ್ದೇ ಹೆಚ್ಚು.

ಹತ್ತೊಂಬತ್ತುನೂರಾ ಮೂವತ್ತೆಂಟರ ದಸರೆ ಮುಗಿದು ನಾಲ್ಕು ದಿನವಾಗಿತ್ತು. ನನ್ನ ತಮ್ಮ ಕಳಕಪ್ಪ ಮದ್ರಾಸ್ ಕಡೆಯ ಯಾವುದೋ ಗುಡ್ಡದ ಮೇಲಿನ ಕ್ಷಯದ ಆಸ್ಪತ್ರೆಯಿಂದ ಮನೆಗೆ ಬಂದ. ಅವನು ತಹಸೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಉರ್ದು ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ. ಹಿಂದಿನ ವರ್ಷ ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಂಡಾಗ ಅಪ್ಪ ಅವನನ್ನು ಅಲ್ಲಿಗೆ ಕಳಿಸಿದ್ದರು. ಅದೇ ವಾರ ಅವನ ಹೆಂಡತಿ ಶೇಖರಮ್ಮ ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಕುಷ್ಟಗಿಯ ತವರಿಗೆ ಹೋದಳು. ಹೋಗಬೇಕಾದದ್ದೇ. ಅದರಲ್ಲಿ ನಾನು ತಪ್ಪು ಕಾಣುವುದಿಲ್ಲ.

ಹತ್ತು ತಿಂಗಳಾದ ಮೇಲೆ ಅಲ್ಲಿನ ಡಾಕ್ಟರು, ನಿನ್ನ ಮಂಚಕ್ಕೆ ಬೇರೆಯವರು ಕಾಯುತ್ತಿದ್ದಾರೆ, ಇನ್ನು ಮನೆಯಲ್ಲೇ ಇಲ್ಲಿಯ ಹಾಗೆ ಇರು ಎಂದು ಕಳಿಸಿಕೊಟ್ಟರಂತೆ. ಅವನನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ನಾನು ಕಾಲರಾದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಆರು ವರ್ಷವಾಗಿತ್ತು. ಅವ್ವ ತೀರಿಕೊಂಡ ಮೇಲೆ ಮನೆಯ ಒಲೆ ನನ್ನದೇ ಆಗಿತ್ತು. ಅಪ್ಪ ಇಷ್ಟೇ ಹೇಳಿದರು:

"ನಿನಗೇನವ್ವಾ ಪಂಪಾ, ಹಿಂದಿಲ್ಲ ಮುಂದಿಲ್ಲ. ನೀನ ನೋಡಕೋಬೇಕು."

ನೋಯಿಸಬೇಕೆಂದು ಅವರು ಅಂದದ್ದಲ್ಲ. ಯಾರೂ ಇಲ್ಲದವಳಿಗೆ ರೋಗ ಹತ್ತಿದರೆ ಯಾರಿಗೂ ನಷ್ಟವಿಲ್ಲ ಎಂಬುದು ಅವರಿಗೆ ಅಷ್ಟು ಸಹಜವಾಗಿ ಕಂಡಿತ್ತು. ನನಗೆ ಅದೇ ನೋವಾಯಿತು.

ಕೊಪ್ಪಳದ ಸ್ಟೇಶನ್ನಿನಿಂದ ಯಲಬುರ್ಗಾದವರೆಗೆ ಅವನು ಕೊಲ್ಲಾರಿ ಗಾಡಿಯಲ್ಲಿ ಹಾಸಿಗೆ ಹಾಸಿಕೊಂಡು ಬಂದ. ನಮ್ಮ ಆಳು ದುರುಗಪ್ಪ ಎತ್ತು ಹೊಡೆಯುತ್ತಿದ್ದ. ಗಾಡಿ ಬಾಗಿಲಿಗೆ ನಿಂತಾಗ ಅವನನ್ನು ಇಳಿಸಿಕೊಳ್ಳಲು ನಾನು ಎರಡೂ ಕೈ ಚಾಚಿದೆ. ಅವನು ತನ್ನ ತೊಡೆಯ ಮೇಲಿದ್ದ ಮಣ್ಣಿನ ಕುಂಡವನ್ನು ನನ್ನ ಕೈಗಿಟ್ಟ.

"ಮೊದಲ ಇದನ್ನ ಹಿಡಿ ಅಕ್ಕಾ. ಜ್ವಾಕಿ."

ಸೊಂಟದೆತ್ತರದ ಗಿಡ. ಎಲೆಗಳೆಂದರೆ ಎಲೆಗಳಲ್ಲ, ಗೊಂಚಲು ಗೊಂಚಲು ಹಸಿರು ಸೂಜಿಗಳು. ಮುರಿದರೆ ಗುಗ್ಗಳದ ವಾಸನೆ. ನೋಡಲು ಬಂದ ಓಣಿಯವರು ಸರುವಿ ಗಿಡವೆಂದರು. ಅಲ್ಲ, ಪೈನ್ ಎಂದು ಕಳಕಪ್ಪ ಹೇಳಿದ. ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಅದು ಆಸ್ಪತ್ರಿ ಗಿಡವಾಯಿತು.

ಆ ಸಂಜೆ ಅವನು ದಿಂಬಿಗೆ ಒರಗಿ ಅಪ್ಪನಿಗೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ನಾ ಹೋದಾಗ ಎದ್ದು ಕುಂದ್ರಾಕ ಆಗ್ತಿದ್ದಿಲ್ಲಪ್ಪಾ. ಗುಡ್ಡದ ತುಂಬ ಇವ ಗಿಡ ಅದಾವು. ಅದರ ಬುಡಕ ನಮ್ಮನ್ನ ಮಲಗಸ್ತಿದ್ರು. ಇದರ ಗಾಳಿ ಎದಿಗೆ ಭಾಳ ಛಲೋ ಅಂತ. ಆರು ತಿಂಗಳಿಗೆ ನಾನಾಗೇ ಓಡ್ಯಾಡಿದೆ. ಬರಾಗ ಅಲ್ಲಿ ಮಾಲಿ ಇದೊಂದು ಸಸಿ ಕೊಟ್ಟ."

ಅಪ್ಪ ದೊಡ್ಡಬಸಪ್ಪ ಜೋಳದ ವ್ಯಾಪಾರಿ. ಮನೆಯ ಮುಂದಿನ ಬಯಲಿನಲ್ಲಿ ನಮ್ಮವು ಏಳು ಹಗೇವುಗಳಿದ್ದವು. ಬಾವಿಯಂತೆ ನೆಲ ಅಗೆದು, ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಐದು ವರ್ಷವಾದರೂ ಕಾಳು ಕೆಡುವುದಿಲ್ಲ. ಸಂದಿಯಿಲ್ಲದಂತೆ ಹಗೇವಿನ ಬಾಯಿ ಮೆತ್ತುವುದರಲ್ಲಿ ಅಪ್ಪನನ್ನು ಮೀರಿಸುವವರು ತಾಲೂಕಿನಲ್ಲಿರಲಿಲ್ಲ. ಲೋಕದಲ್ಲಿ ಯಾವ ಒಳ್ಳೆಯ ವಸ್ತುವನ್ನೇ ಆಗಲಿ ಕಾಯುವ ದಾರಿ ಅದೊಂದೇ ಎಂದು ಅವರು ನಂಬಿದ್ದರು.

ಮರುದಿನ ಬೆಳಿಗ್ಗೆ ಅವರು ನಡುಮನೆಯ ಪಕ್ಕದ ಖೋಲಿಯನ್ನು ಸುತ್ತಿ ನೋಡಿದರು. "ಗುಡ್ಡದಾಗ ಸಾವಿರ ಗಿಡ ಇರತಾವ, ಗಾಳಿ ಹಾರಿಹೋದರೂ ನಡೀತೈತಿ" ಎಂದರು. "ನಮ್ಮ ಹತ್ರ ಇರೋದು ಒಂದ ಗಿಡ. ಅದರ ಗಾಳಿ ಕಿಡಕ್ಯಾಗ ಹಾದು ಹೋತಂದ್ರ ಓಣಿಯವರ ಪಾಲಾಗತೈತಿ. ಬಂದೋಬಸ್ತ್ ಮಾಡಬೇಕು."

ಬಂದೋಬಸ್ತ್ ಆಯಿತು. ಎರೆಮಣ್ಣಿಗೆ ಸೆಗಣಿ, ಹೊಟ್ಟು ಕಲಸಿ ದುರುಗಪ್ಪ ಎರಡೂ ಕಿಟಕಿಗಳನ್ನು ಮೆತ್ತಿದ. ಮಾಳಿಗೆಯ ಬೆಳಕಿಂಡಿಯ ಮೇಲೆ ಚಪ್ಪಡಿ ಕೂತಿತು. ಬಾಗಿಲಿಗೆ ಗೋಣಿತಾಟಿನ ಪರದೆ ಬಿತ್ತು. ಕಳಕಪ್ಪನ ಮಂಚ ಒಂದು ಗೋಡೆಗೆ, ಅದರ ತಲೆದೆಸೆಗೆ ಕುಂಡ, ಬಾಗಿಲ ಬಳಿ ನನ್ನ ಚಾಪೆ. ಕುಂಡದಲ್ಲಿದ್ದ ಆಸ್ಪತ್ರೆಯ ಮಣ್ಣು ಬರೀ ಗರಸು ಎಂದು ಅಪ್ಪ ಮೂಗು ಮುರಿದರು. ನಮ್ಮ ಹೊಲದ ಕರಿ ಎರೆಮಣ್ಣು ತರಿಸಿ ದೊಡ್ಡ ಕುಂಡಕ್ಕೆ ಹಾಕಿಸಿದರು. ನನಗೂ ಎಲ್ಲ ಸರಿಯೆನಿಸಿತು. ಸುಳ್ಳು ಯಾಕೆ ಹೇಳಲಿ, ಕಳಕಪ್ಪನೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡು, "ವಾಸನಿ ಈಗ ಛಲೋ ನಿಂತೈತಿ" ಎಂದ.

ಅಲ್ಲಿಂದ ನನ್ನ ದಿನಗಳಿಗೆ ತುದಿ ಮೊದಲು ಇಲ್ಲದಂತಾಯಿತು. ಏಳುವಾಗ ತಲೆ ಭಾರ, ಮಲಗುವಾಗ ಬೆನ್ನು ನೋವು. ಅವನ ಕಫದ ಬಟ್ಟಲಿಗೆ ಬೂದಿ ಹಾಕಿ ಹೊರಗೆ ಹುಗಿಯಬೇಕು, ಬಟ್ಟೆ ಕುದಿಸಬೇಕು, ಹಾಲು ಕಾಯಿಸಬೇಕು. ಅವನು ಅರ್ಧ ಕುಡಿದು ಮುಖ ತಿರುಗಿಸಿದರೆ ಕೈಕಾಲು ಹಿಡಿದು ಇನ್ನರ್ಧ ಕುಡಿಸಬೇಕು. ಅದರ ಮೇಲೆ ಗಿಡ. ಒದ್ದೆ ಅರಿವೆಯಿಂದ ಸೂಜಿಗಳ ಧೂಳು ಒರೆಸಬೇಕು. ಒರೆಸಿದರೆ ಬೆರಳು ಚುಚ್ಚುತ್ತಿತ್ತು, ಅಂಟು ಹತ್ತಿ ಎರಡು ದಿನ ಹೋಗುತ್ತಿರಲಿಲ್ಲ. ಮುಂಜಾನೆ ಒಂದು ಚರಿಗೆ ನೀರು, ಸಂಜೆ ಒಂದು ಚರಿಗೆ.

ಅಪ್ಪ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಿಂದಲೇ ಕೂಗುತ್ತಿದ್ದರು: "ಗಿಡ ಹ್ಯಾಂಗೈತಿ?"

ಮಗ ಹೇಗಿದ್ದಾನೆಂದು ಕೇಳುವ ಧೈರ್ಯ ಅವರಿಗಿರಲಿಲ್ಲ. ಅದು ನನಗೆ ತಿಳಿಯುತ್ತಿತ್ತು. "ಛಲೋ ಐತಪ್ಪಾ" ಎನ್ನುತ್ತಿದ್ದೆ. ಅಷ್ಟು ಕೇಳಿಯೇ ಅವರು ಅಂಗಡಿಗೆ ಹೋಗುತ್ತಿದ್ದರು. ಬಂದುಹೋಗುವ ನೆಂಟರೂ ಅದನ್ನೇ ಕಲಿತರು. ಹೊಸ್ತಿಲ ಹೊರಗೆ ನಿಂತು ಮೂಗಿಗೆ ಸೆರಗು ಹಿಡಿದು ಗಿಡದ ಯೋಗಕ್ಷೇಮ ಕೇಳಿ ಹೋಗುತ್ತಿದ್ದರು. ಗಿಡ ಹಸಿರಾಗಿದ್ದರೆ ಕಳಕಪ್ಪ ಉಳಿಯುತ್ತಾನೆ, ಒಣಗಿದರೆ ಹೋಗುತ್ತಾನೆ ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಕಾರ್ತೀಕ ಮುಗಿಯುವುದರೊಳಗೆ ಇಡೀ ಓಣಿ ಅದನ್ನು ಹೇಳುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವನು ಕಳಕಪ್ಪನೇ.

ಸಂಕ್ರಾಂತಿ ಕಳೆದ ಮೇಲೆ ಸೂಜಿಗಳು ಹಳದಿಯಾಗತೊಡಗಿದವು. ಮೊದಲು ಬುಡದ ರೆಂಬೆ, ಆಮೇಲೆ ಅದರ ಮೇಲಿನದು. ಮುಟ್ಟಿದರೆ ಉದುರುತ್ತಿದ್ದವು. ಕಳಕಪ್ಪ ಮಲಗಿದಲ್ಲಿಂದಲೇ ನೆಲದ ಮೇಲೆ ಬಿದ್ದವನ್ನು ಎಣಿಸುತ್ತಿದ್ದ. ಇವತ್ತು ಇಪ್ಪತ್ತು, ಇವತ್ತು ಮೂವತ್ತೆರಡು. ಎಣಿಕೆ ಹೆಚ್ಚಾದ ದಿನ ಅವನಿಗೆ ಜ್ವರ ಏರುತ್ತಿತ್ತು, ಊಟ ಸೇರುತ್ತಿರಲಿಲ್ಲ. ಹಾಗಾಗಿ ಅವನು ಏಳುವ ಮೊದಲು ನಾನು ಎದ್ದು, ಬಿದ್ದ ಸೂಜಿಗಳನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಹೋಗಿ ಒಲೆಗೆ ಹಾಕತೊಡಗಿದೆ. ಬೋಳಾದ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

"ಇವತ್ತ ಒಂದೂ ಬಿದ್ದಿಲ್ಲಕ್ಕಾ" ಎಂದು ಅವನು ನಗುತ್ತಿದ್ದ. ಅವನ ಕೆನ್ನೆಯ ಎಲುಬು ದಿನಕ್ಕಿಷ್ಟು ಮೇಲೆ ಬರುತ್ತಿತ್ತು. ಆಸ್ಪತ್ರೆಯಿಂದ ನಡೆದಾಡಿಕೊಂಡು ಬಂದವನು ಈಗ ಬಚ್ಚಲಿಗೆ ಹೋಗಲು ನನ್ನ ಹೆಗಲು ಹಿಡಿಯುತ್ತಿದ್ದ.

ಒಂದು ದಿನ ಅಪ್ಪ ಒಳಗೇ ಬಂದು ಕುಂಡವನ್ನು ತಿರುಗಿಸಿ ನೋಡಿಬಿಟ್ಟರು. ಬೋಳು ಮಗ್ಗುಲು ಕಂಡಿತು. ಕಳಕಪ್ಪನಿಗೆ ಆಗ ಕಣ್ಣು ಹತ್ತಿತ್ತು, ಅಷ್ಟು ಪುಣ್ಯ. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಸಣ್ಣ ದನಿಯಲ್ಲಿ ಕೇಳಿದರು:

"ನಿನ್ನ ಕೈಯಾಗ ಯಾವುದು ಉಳದೈತಿ ಹೇಳು?"

ನನ್ನ ಗಂಡನ ಸಾವನ್ನು ನೆನೆದು ಆಡಿದ ಮಾತದು. ಕಾಲರಾದಲ್ಲಿ ಅವನಿಗೆ ನೀರು ಕುಡಿಸಿದ್ದು ಈ ಕೈಯೇ. ಅಪ್ಪ ಹೋದ ಮೇಲೆ ನಾನು ಒಲೆಯ ಮುಂದೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಆ ದಿನ ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲ, ಆದ್ದರಿಂದ ಮರುದಿನ ಮಾಡಿದೆ.

ಗಾಳಿ ಎಲ್ಲೋ ಸೋರುತ್ತಿರಬೇಕೆಂದು ಅಪ್ಪ ಬಾಗಿಲ ಚೌಕಟ್ಟಿನ ಸಂದಿಗೂ ಅರಿವೆ ತುರುಕಿಸಿದರು. ನೀರು ಸಾಲದೇನೋ ಎಂದು ಎರಡು ಚರಿಗೆ ನಾಲ್ಕಾಯಿತು. ಗಿಡ ಇನ್ನಷ್ಟು ಹಳದಿಯಾಯಿತು, ಕಳಕಪ್ಪ ಇನ್ನಷ್ಟು ಬಿಳಿಚಿದ.

ಶಿವರಾತ್ರಿ ಮುಗಿದು ಬಿಸಿಲು ಏರುವ ಹೊತ್ತಿಗೆ ಒಂದು ಹಗೇವು ತೆಗೆಯಲು ಅಪ್ಪ ಹೇಳಿದರು. ನಾನು ಬೂದಿ ಚೆಲ್ಲಲು ಹೊರಗೆ ಬಂದವಳು ಗೋಡೆಯ ನೆರಳಿಗೆ ಕುಳಿತು ನೋಡುತ್ತಿದ್ದೆ. ಕುಳಿತು ನೋಡಲು ಏನಾದರೊಂದು ನೆಪ ಸಿಕ್ಕರೆ ಆಗ ಸಾಕಾಗಿತ್ತು. ದುರುಗಪ್ಪ ಮಣ್ಣು ಕೆತ್ತಿ, ಚಪ್ಪಡಿ ಸರಿಸಿ, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಟ್ಟ. ಎರಡು ಮೊಳ ಇಳಿಯುವುದರೊಳಗೆ ದೀಪ ಆರಿತು. ಅವನು ಹಗ್ಗ ಎಳೆದುಕೊಂಡು ಎಲೆಯಡಿಕೆ ಚೀಲ ಬಿಚ್ಚುತ್ತ ಆರಾಮಾಗಿ ಕುಳಿತ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗೆ ಕೂಡಿದ ಗಾಳಿ ಆಳನ್ನು ಕೊಲ್ಲುತ್ತದೆ. ಇದು ನಮ್ಮ ಕಡೆ ನಡೆಯಲು ಬರುವ ಕೂಸಿಗೂ ಗೊತ್ತು.

ಅದೇ ಮಧ್ಯಾಹ್ನ ಕುಂಡದ ಅಡಿಯಲ್ಲಿ ನೀರು ನಿಂತು ನೆಲ ಕೆಸರಾಗಿತ್ತೆಂದು, ಅದನ್ನು ಸರಿಸಲು ದುರುಗಪ್ಪನನ್ನು ಕರೆದೆ. ಅವನು ಪರದೆ ಎತ್ತಿದವನೇ ಒಂದು ಹೆಜ್ಜೆ ಹಿಂದೆ ಸರಿದ. ರೋಗಕ್ಕೆ ಹೆದರಿದನೆಂದುಕೊಂಡೆ.

"ಅದಲ್ರಿ ಪಂಪಕ್ಕಾರ" ಎಂದ ಅವನು, ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತ. "ಹಗೇವಿನ ವಾಸನಿ ಬರಾಕ ಹತ್ತೈತ್ರಿ. ದೀಪ ಇಳಿಬಿಡಲಾರದ ಒಳಗ ಹೋಗಬಾರದು ಅನ್ನಸ್ತು."

"ಗಿಡದ ಗಾಳಿ ಅದು, ಛಲೋ ಗಾಳಿ" ಎಂದೆ ನಾನು, ಅಪ್ಪನ ಮಾತನ್ನೇ.

"ಇರಬೋದ್ರಿ. ಜ್ವಾಳ ಉಸಿರಾಡೂದಿಲ್ಲ, ಮುಚ್ಚಿದರ ನಡೀತೈತಿ. ಒಳಗ ಮನಶ್ಯಾ ಅದಾನಲ್ರಿ."

ಅವನು ಕುಂಡ ಸರಿಸಿ ಹೋದ. ನಾನು ಅಲ್ಲೇ ನಿಂತೆ. ಐದು ತಿಂಗಳಿಂದ ದಿನಾ ಬೆಳಿಗ್ಗೆ ಏಳುವಾಗ ನನ್ನ ತಲೆ ಕಲ್ಲಿನಂತಾಗುತ್ತಿತ್ತು, ಹೊರಗೆ ಬಂದು ಮುಖ ತೊಳೆದರೆ ಹಗುರಾಗುತ್ತಿತ್ತು. ದಣಿವೆಂದುಕೊಂಡಿದ್ದೆ. ಏಳು ಹಗೇವುಗಳ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಬಾರದೆ?

ಅಪ್ಪ ಗಂಗಾವತಿಗೆ ಬೀಗರ ಮದುವೆಗೆಂದು ಹೋಗುವವರೆಗೆ ನಾಲ್ಕು ದಿನ ಕಾದೆ. ಅವರು ಹತ್ತಿದ ಬಾಡಿಗೆ ಗಾಡಿ ಓಣಿ ದಾಟುತ್ತಲೇ ದುರುಗಪ್ಪನಿಗೆ ಹೇಳಿದೆ, ಗಿಡವನ್ನು ಮಾಳಿಗೆಯ ಮೇಲೆ ಒಯ್ಯಿ ಎಂದು. ಕಳಕಪ್ಪ ದಿಗಿಲಿನಿಂದ ಎದ್ದು ಕುಳಿತ.

"ಅಕ್ಕಾ, ಗಾಳಿ ಹಾರಿ ಹೋಗತೈತಿ! ನನ್ನ ಕೊಲ್ಲತಿಯೇನು?"

"ಗಿಡಕ್ಕ ಬಿಸಲು ಬೇಕು. ಇಲ್ಲಿದ್ದರ ನಾಕ ದಿನದಾಗ ಸಾಯತೈತಿ ಅದು. ನೀನ ನೋಡು."

ಕುಂಡದ ಬೋಳು ಮಗ್ಗುಲನ್ನು ಅವನ ಕಡೆ ತಿರುಗಿಸಿದೆ. ಅವನು ನೋಡಿದ. ಕಣ್ಣಲ್ಲಿ ನೀರು ತುಂಬಿತು. ನಾನು ಸುಳ್ಳು ಹೇಳಿದ್ದಕ್ಕೆ ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ. "ಹಂಗಾರ ನನ್ನೂ ಅದರ ಸಂಗಾಟ ಒಯ್ರಿ" ಎಂದ. ನನಗೆ ಬೇಕಾದದ್ದೂ ಅದೇ. ದುರುಗಪ್ಪ ಮೊದಲು ಕುಂಡ, ಆಮೇಲೆ ಮಂಚ, ಕೊನೆಗೆ ಕಳಕಪ್ಪನನ್ನು ಬೆನ್ನ ಮೇಲೆ ಹೊತ್ತು ಏಣಿ ಹತ್ತಿದ. ಎಷ್ಟು ಹಗುರ ಆಗ್ಯಾರ್ರೀ ಸಣ್ಣ ಧಣ್ಯಾರು ಎಂದು ಅವನು ಏದುಸಿರೂ ಬಿಡದೆ ಹೇಳಿದ.

ಜೋಳದ ಕಣಿಕೆ ಹೊದಿಸಿ ಒಂದು ಚಪ್ಪರ ಮಾಡಿಸಿದೆ. ಕಳಕಪ್ಪ ಅದರ ಕೆಳಗೆ ಮಲಗಿ ಆಚೆ ಗುಡ್ಡದ ಸಾಲು, ಕುಷ್ಟಗಿಯ ದಾರಿಯ ಧೂಳು ಎಲ್ಲ ನೋಡಿದ. "ಆಸ್ಪತ್ರ್ಯಾಗೂ ಹಿಂಗ ಮಲಗತಿದ್ವಿ" ಎಂದ.

"ಹಿಂಗಂದ್ರ? ಕಿಡಕಿ ತಗದು?"

"ಕಿಡಕಿ ಎಲ್ಲಿವು ಅಕ್ಕಾ? ಗ್ವಾಡಿನ ಇದ್ದಿಲ್ಲ. ಬರೀ ಕಂಬದ ಮ್ಯಾಲಿನ ತಗಡು. ಮಳಿ ಬಂದ್ರ ಅಷ್ಟ ಪರದೆ ಬಿಡತಿದ್ರು."

ಗೋಡೆಯೇ ಇರಲಿಲ್ಲ. ಗಿಡದ ಬುಡದಲ್ಲಿ ಮಲಗಿಸುತ್ತಿದ್ದರು ಎಂದು ಅವನು ಮೊದಲ ದಿನವೇ ಹೇಳಿದ್ದ. ನಮಗೆ ಗಿಡವಷ್ಟೇ ಕೇಳಿಸಿತ್ತು, ಮಲಗಿದ್ದು ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಅವನಾದರೂ ಹೇಳಬಾರದಿತ್ತೆ? ಅವನಿಗೂ ಗಿಡದ ಹೊರತು ಬೇರೇನೂ ಕಂಡಿರಲಿಲ್ಲ. ನಾನು ಕೆಳಗಿಳಿದು ಹೋಗಿ, ಹಾರೆ ತೆಗೆದುಕೊಂಡು ಖೋಲಿಯ ಎರಡೂ ಕಿಟಕಿಗಳ ಮಣ್ಣನ್ನು ಒಡೆದು ಹಾಕಿದೆ. ಅಪ್ಪ ಮೆತ್ತಿಸಿದ್ದ ಮಣ್ಣು ಸುಲಭಕ್ಕೆ ಬರಲಿಲ್ಲ. ಅಂಗೈಯಲ್ಲಿ ಬೊಬ್ಬೆ ಬಂದವು. ಒಡೆಯುತ್ತ ಯಾರನ್ನು ಬೈದೆನೋ ನನಗೆ ನೆನಪಿಲ್ಲ, ಎಲ್ಲರನ್ನೂ ಬೈದಿರಬೇಕು.

ನಾಲ್ಕನೆಯ ದಿನ ಅಪ್ಪ ಬಂದರು. ಅಂಗಳದಲ್ಲಿ ನಿಂತು ಕೂಗಾಡಿದರು, ನನ್ನ ಹುಟ್ಟನ್ನೂ ಬಿಡಲಿಲ್ಲ. ನಾನು ಮಾಳಿಗೆಯಿಂದ ಇಳಿಯಲಿಲ್ಲ. ಕೊನೆಗೆ ಅವರೇ ಏಣಿ ಹತ್ತಿ ಬಂದರು. ಕಳಕಪ್ಪ ಆಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದ. ಎರಡನೆಯ ರೊಟ್ಟಿ. ಅಪ್ಪ ಏಣಿಯ ತುದಿಯಲ್ಲಿ ತಲೆಯಷ್ಟೇ ಹೊರಗಿಟ್ಟು ಅದನ್ನು ನೋಡುತ್ತ ನಿಂತರು. ಆಮೇಲೆ ಇಳಿದು ಹೋದರು.

ಒಂದು ತಿಂಗಳಲ್ಲಿ ಅವನ ಜ್ವರ ಇಳಿಯಿತು. ಕೆಮ್ಮು ಕಡಿಮೆಯಾಯಿತು. ನನ್ನ ಕಷ್ಟ ತೀರಿತೆಂದುಕೊಂಡೆ, ಅಷ್ಟರಲ್ಲಿ ಗಿಡ ಸಾಯತೊಡಗಿತು.

ಯಲಬುರ್ಗಾದ ಬೇಸಿಗೆಯ ಬಿಸಿಲು ಗುಡ್ಡದ ಗಿಡಕ್ಕೆ ಎಲ್ಲಿ ತಡೆಯಬೇಕು? ನಾನು ಗೋಣಿತಾಟು ನೆನೆಸಿ ಹೊದಿಸಿದೆ. ಮಧ್ಯಾಹ್ನಕ್ಕೊಮ್ಮೆ ಕುಂಡವನ್ನು ನೆರಳಿಗೆ ಎಳೆದೆ. ಬೊಬ್ಬೆ ಆರಿದ ಕೈಯಲ್ಲಿ ಕೊಡ ಹೊತ್ತು ಏಣಿ ಹತ್ತಿ ಇಳಿದೆ. ಯಾವುದರಿಂದಲೂ ಉಪಯೋಗವಾಗಲಿಲ್ಲ. ಎರಡು ವಾರದಲ್ಲಿ ಇಡೀ ಗಿಡ ಇಟ್ಟಂಗಿಯ ಬಣ್ಣಕ್ಕೆ ತಿರುಗಿ ನಿಂತಿತು.

ಇದನ್ನು ತಿರುಗಿಸಿಡಲು ಯಾವ ಮಗ್ಗುಲೂ ಉಳಿದಿರಲಿಲ್ಲ. ಕಳಕಪ್ಪ ಒಂದು ಬೆಳಿಗ್ಗೆ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಚಾದರ ಎಳೆದುಕೊಂಡು ಮುಖ ಮುಚ್ಚಿಕೊಂಡ.

"ಮುಗೀತಕ್ಕಾ" ಎಂದ.

ಆ ದಿನ ಹಾಲು ಮುಟ್ಟಲಿಲ್ಲ. ಮರುದಿನವೂ ಇಲ್ಲ. ನೀರನ್ನು ಮಾತ್ರ ಒಂದು ಗುಟುಕು ಕುಡಿದು ಗೋಣು ಹೊರಳಿಸುತ್ತಿದ್ದ. ಇಳಿದಿದ್ದ ಜ್ವರ ಮತ್ತೆ ಏರಿತು. ಹತ್ತಿ ಬಂದ ದಡದಿಂದ ಅವನು ತಾನೇ ಕೈಬಿಟ್ಟು ಜಾರಿಕೊಳ್ಳುತ್ತಿದ್ದ, ನನ್ನ ಕಣ್ಣೆದುರಿಗೇ. ಅಪ್ಪ ಏಣಿಯ ಬುಡದಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕುಳಿತುಬಿಟ್ಟರು. ನನ್ನನ್ನು ಬೈಯಲೂ ಇಲ್ಲ. ಅವರು ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಹಾಲಿನ ಪಾತ್ರೆ, ಮೂರು ಕಲ್ಲು ತೆಗೆದುಕೊಂಡು ಮೇಲೆ ಹೋದೆ. ಅವನ ಮಂಚದ ಎದುರಿಗೇ, ಚಪ್ಪರದಿಂದ ದೂರಕ್ಕೆ, ಒಲೆ ಹೂಡಿದೆ. ಕುಂಡದ ಬಳಿ ಹೋಗಿ ಗಿಡವನ್ನು ಹಿಡಿದು ಜಗ್ಗಿದೆ. ಒಂದು ಚೂರೂ ಕೊಸರಾಡಲಿಲ್ಲ, ಸಲೀಸಾಗಿ ಬಂತು. ಬೇರುಗಳೆಲ್ಲ ಕೊಳೆತು ಕರ‍್ರಗಾಗಿದ್ದವು. ಎಂದೋ ಸತ್ತಿದ್ದ ಗಿಡಕ್ಕೆ ನಾನು ನೀರು ಹೊತ್ತಿದ್ದೆ.

ಕಳಕಪ್ಪ ಚಾದರ ಸರಿಸಿದ. "ಏನ್ ಮಾಡತಿ? ಅಕ್ಕಾ! ಏನ್ ಮಾಡತಿ ನೀ?"

ಮೊಣಕಾಲಿಗೆ ಹಚ್ಚಿ ಗಿಡವನ್ನು ಮುರಿದೆ. ಮೂರು ತುಂಡಾಯಿತು. ಒಲೆಗಿಟ್ಟು ಕಡ್ಡಿ ಗೀರಿದೆ. ಎಣ್ಣೆ ಹಾಕಿದಂತೆ ಭಗ್ಗೆಂದು ಹತ್ತಿಕೊಂಡಿತು, ಗುಗ್ಗಳದ ಹೊಗೆ ಎದ್ದಿತು. ಅದರ ಮೇಲೆ ಹಾಲು ಇಟ್ಟೆ. ಅವನು ಅಳುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ. ಹಾಲು ಉಕ್ಕಿ ಬಂದಾಗ ಇಳಿಸಿ, ಬೆಲ್ಲ ಹಾಕಿ, ಬಟ್ಟಲಿಗೆ ಬಗ್ಗಿಸಿಕೊಂಡು ಅವನ ಮುಂದೆ ಕುಳಿತೆ.

"ಕಳಕಾ, ನಾ ದಣದೀನಿ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ತಾನಾಗಿಯೇ ಬಂತು. "ಗಿಡಾನೂ ನೋಡಿದೆ, ನಿನ್ನೂ ನೋಡಿದೆ. ಇನ್ನ ಎರಡೂ ನನ್ನ ಕೈಲೆ ಆಗೂದಿಲ್ಲ. ಅದು ಸತ್ತಿತ್ತು. ನಿನಗ ಜ್ವರ ಇಳದಾಗೂ ಅದು ಸತ್ತ ಇತ್ತು, ಬೇರು ನೋಡು ಬೇಕಾರ. ಸತ್ತ ಗಿಡದ ಬಗಲಾಗ ಮಲಗಿ ನೀ ರೊಟ್ಟಿ ತಿಂದಿ. ಕುಡದ್ರ ಕುಡಿ. ಇಲ್ಲಂದ್ರ ಹೇಳಿಬಿಡು, ನಾ ಹೋಗಿ ಮಕ್ಕೋತೀನಿ."

ಅವನು ಒಲೆಯನ್ನು ನೋಡಿದ, ಬೇರುಗಳನ್ನು ನೋಡಿದ, ನನ್ನನ್ನು ನೋಡಿದ. ಕೊಳ್ಳಿ ಒಂದು ಸಿಡಿದು ಬಿತ್ತು. ಆಮೇಲೆ ಕೈ ಚಾಚಿ ಬಟ್ಟಲು ತೆಗೆದುಕೊಂಡ. ಅರ್ಧ ಕುಡಿದು ನಿಲ್ಲಿಸಿ, ಮೂಗೊರೆಸಿಕೊಂಡ.

"ಬೆಲ್ಲ ಕಮ್ಮಿ ಆಗೇತಿ" ಎಂದ.

ನಾನು ಬೆಲ್ಲ ತರಲು ಕೆಳಗಿಳಿದೆ. ಏಣಿಯ ಬುಡದಲ್ಲಿದ್ದ ಅಪ್ಪ ತಲೆಯೆತ್ತಿ ನೋಡಿದರು. "ಬೆಲ್ಲ ಕೇಳ್ಯಾನ" ಎಂದೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಮಳೆಗಾಲದಲ್ಲಿ ಅವನ ಮಂಚ ಮನೆಯ ಮುಂದಿನ ತೆರೆದ ಪಡಸಾಲೆಗೆ ಬಂತು. ದೀಪಾವಳಿಯ ಹೊತ್ತಿಗೆ ಅವನು ಊರ ಹೊರಗಿನ ಬಾವಿಯವರೆಗೆ ನಡೆದು ಹೋಗಿ ಬರುತ್ತಿದ್ದ. ಗದಗಿಗೆ ಕರೆದೊಯ್ದು ಎರಡು ಸಲ ಕಫ ತೋರಿಸಿದರು. ಎರಡು ಸಲವೂ ಹುಳು ಇಲ್ಲವೆಂದು ಡಾಕ್ಟರು ಹೇಳಿದರು.

ಗಿಡ ತನ್ನ ಮೈಮೇಲೆ ರೋಗ ಎಳೆದುಕೊಂಡು, ತನ್ನ ಜೀವ ಕೊಟ್ಟು ಮಗನನ್ನು ಉಳಿಸಿತು ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು. ಕೇಳಿದವರು ಕೈಮುಗಿದರು. ಖಾಲಿ ಕುಂಡಕ್ಕೆ ಯಾರೋ ವಿಭೂತಿ ಹಚ್ಚಿ ಹೋಗಿದ್ದರು. ನನಗೆ ಜಗಳವಾಡಲು ಬರುವುದಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ಆಗ ತ್ರಾಣ ಉಳಿದಿರಲಿಲ್ಲ. ದುರುಗಪ್ಪನಿಗೆ ಮಾತ್ರ ಒಂದು ಹೊಸ ಧೋತರ ಕೊಡಿಸಿದೆ, ಯಾಕೆಂದು ಅವನಿಗೂ ತಿಳಿಯಲಿಲ್ಲ.

ಸಂಕ್ರಾಂತಿಯಾದ ಮೇಲೆ ಶೇಖರಮ್ಮ ಕುಷ್ಟಗಿಯಿಂದ ಬಂದಳು. ಮಗಳಿಗೆ ನನ್ನ ಅವ್ವನ ಹೆಸರೇ, ವಿರೂಪಾಕ್ಷಮ್ಮ. ವಿರೂಪಿ ಎಂದು ಕರೆಯುತ್ತಿದ್ದೆವು. ಹೋಗುವ ಮುಂಚೆ ಅವಳು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ಬೆಳಿಗ್ಗೆಯೇ ಎದ್ದು ತಲೆಗೆ ನೀರು ಹಾಕಿಕೊಂಡು, ಅವಳಿಗೆಂದು ಹೋಳಿಗೆ ಮಾಡಿ ಕಾದಿದ್ದೆ. ಗಾಡಿ ನಿಲ್ಲುತ್ತಲೇ ಹುಡುಗಿ ಧುಮುಕಿ, "ಅತ್ತೀ!" ಎಂದು ಓಡಿ ಬಂದಳು. ಎರಡು ವರ್ಷದಲ್ಲಿ ಉದ್ದವಾಗಿದ್ದಳು. ನಾನು ಬಗ್ಗಿ ತೋಳು ತೆರೆದೆ.

ಶೇಖರಮ್ಮ ಹಿಂದಿನಿಂದ ಬಂದು ಮಗಳ ರಟ್ಟೆ ಹಿಡಿದು ಎಳೆದುಕೊಂಡಳು.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ" ಎಂದಳು. "ನೀವು ಅಷ್ಟ ತಿಂಗಳು ಆ ಖೋಲ್ಯಾಗ ಅವರ ಸಂಗಾಟ ಇದ್ದವರು. ಇವರನ್ನ ಡಾಕ್ಟರು ನೋಡ್ಯಾರ. ನಿಮ್ಮನ್ನ ಯಾರೂ ನೋಡಿಲ್ಲ. ನನಗ ಇದೊಂದ ಕೂಸು ಐತ್ರಿ."

ನಾನು ಅಪ್ಪನನ್ನು ನೋಡಿದೆ. ಅಪ್ಪ ಮೀಸೆ ತಿಕ್ಕಿಕೊಂಡು ಬಯಲಿನ ಕಡೆ ನೋಡಿದರು. "ಆಕಿ ಅನ್ನೂದೂ ಖರೇ ಐತಿ ಪಂಪಾ. ಒಂದ ನಾಕ ತಿಂಗಳು ನೀ ಆ ಖೋಲ್ಯಾಗ ಬ್ಯಾರೇನ ಇರು. ಗಂಗಾಳ, ಚರಿಗಿ ಬ್ಯಾರೆ ಮಾಡಿಕೊ. ಅಡಿಗಿ ಶೇಖರಮ್ಮ ನೋಡತಾಳ."

ಕಳಕಪ್ಪನನ್ನು ನೋಡಿದೆ. ಅವನು ಆಗಲೇ ಮಗಳನ್ನು ಎತ್ತಿಕೊಂಡಿದ್ದ. ಅವಳ ಕೊರಳಿನ ಸರದ ಗಂಟು ಬಿಡಿಸುವುದರಲ್ಲಿ ತಲೆ ಬಗ್ಗಿಸಿಕೊಂಡಿದ್ದ. ಆ ಗಂಟು ಬಿಡಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ನಾನು ನನ್ನ ಗಂಗಾಳ, ಚರಿಗೆ, ಚಾಪೆ ತೆಗೆದುಕೊಂಡು ಖೋಲಿಗೆ ಹೋದೆ. ಎರಡೂ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ಅಂಗಳದಲ್ಲಿ ಎಲ್ಲರೂ ನಾನು ಅಳುವುದನ್ನು ಕಾಯುತ್ತಿದ್ದರೆಂದು ಕಾಣುತ್ತದೆ. ಹೊರಗೆ ಶೇಖರಮ್ಮನೇ ಬಿಕ್ಕುತ್ತಿದ್ದಳು.

ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ, ನಿದ್ದೆ ಬಂತು. ಚಾಪೆ ಬಿಚ್ಚಿ, ತೋಳನ್ನೇ ತಲೆಗಿಟ್ಟುಕೊಂಡು ಮಲಗಿದೆ. ಮರುದಿನ ಹೊತ್ತು ಏರುವವರೆಗೂ ನನ್ನನ್ನು ಯಾರೂ ಎಬ್ಬಿಸಲಿಲ್ಲ.